ಬಿಳಿ ವಿಮಾನ ಮಾಡುವುದು ಸುಲಭವಲ್ಲ: 1/144 ಅಳತೆಯ ಏರ್‌ಬಸ್ ಎ320 ಕಟ್ಟಿ ಬಣ್ಣ ಹಚ್ಚುವ ವಿಧಾನ

ಸ್ಕೇಲ್ ಮಾಡೆಲ್ (ನಿಜವಾದದ್ದರ ಅಳತೆಗೆ ತಕ್ಕ ಪುಟ್ಟ ಮಾದರಿ) ಮಾಡುವವರಲ್ಲಿ ತುಂಬಾ ಜನ ಯುದ್ಧವಿಮಾನದಿಂದ ಶುರು ಮಾಡುತ್ತಾರೆ. ಅದರಲ್ಲೊಂದು ಅನುಕೂಲ ಇದೆ. ಹಸಿರು, ಕಂದು ಪಟ್ಟೆ ಬಳಿದು, ಮೇಲೆ ಒಂದಿಷ್ಟು ಎಣ್ಣೆ ಕಲೆ, ಮಸಿ, ಧೂಳು ಹಚ್ಚಿಬಿಟ್ಟರೆ ಅರ್ಧಕ್ಕರ್ಧ ತಪ್ಪು ಮುಚ್ಚಿಹೋಗುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಆ ಆಟ ನಡೆಯುವುದಿಲ್ಲ. ಉದ್ದನೆಯ ನುಣುಪಾದ ಕೊಳವೆ, ಅದರ ಮೇಲೆ ಹೊಳೆಯುವ ಬಿಳಿ. ಒಂದು ಗೀರು ಉಳಿದರೂ ಎದ್ದು ಕಾಣುತ್ತದೆ. ಭಾಗಗಳು ಕಡಿಮೆ, ಬೇಗ ಮುಗಿಯುತ್ತದೆ ಅಂತ ಬಿಡಿಭಾಗಗಳ ಕಿಟ್ ಡಬ್ಬಿ ಕೊಂಡವರು ಬಣ್ಣದ ಹಂತಕ್ಕೆ ಬಂದಾಗ ಕೈಚೆಲ್ಲುವುದು ಇದಕ್ಕೇ.

ಹಾಗಾಗಿ ಇಲ್ಲಿ ಎರಡು ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಒಂದು, ಕೀಲು, ಅಂದರೆ ಎರಡು ಹೋಳು ಸೇರುವ ಸಂದಿ, ಮುಚ್ಚುವುದು. ಇನ್ನೊಂದು, ಬಿಳಿ ಹೊಡೆಯುವುದು. ಉಳಿದದ್ದು ಕಿಟ್ ಜೊತೆ ಬರುವ ಸೂಚನೆ ಹಾಳೆ ನೋಡಿಕೊಂಡರೂ ಆಗುತ್ತದೆ.

ಕಿಟ್ ಆರಿಸುವಾಗ

ಪ್ರಯಾಣಿಕರ ವಿಮಾನದ ಕಿಟ್‌ಗಳು ಹೆಚ್ಚಾಗಿ ಸಿಗುವುದು 1/144 ಅಳತೆಯಲ್ಲಿ. ನಿಜವಾದ ವಿಮಾನದ 12 ಅಡಿ ಇಲ್ಲಿ ಒಂದು ಇಂಚು. ಒಂದು ಮೀಟರ್ ಅಂದರೆ ಹೆಚ್ಚುಕಡಿಮೆ 7 ಮಿಲಿಮೀಟರ್. 37.57 ಮೀಟರ್ ಉದ್ದದ ಎ320 ಈ ಲೆಕ್ಕದಲ್ಲಿ 26 ಸೆಂಟಿಮೀಟರ್ ಆಗುತ್ತದೆ. ಮೊದಲ ಸಲಕ್ಕೆ ಇದು ಹದವಾದ ಗಾತ್ರ. ಬೋಯಿಂಗ್ 747 ಆದರೆ ಅರ್ಧ ಮೀಟರ್ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡ ಮೈಗೆ ಒಂದೇ ಸಮ ಬಿಳಿ ಹೊಡೆಯುವುದು ಕಷ್ಟ, ಇಡಲು ಜಾಗವೂ ಬೇಕು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮಾಡೆಲ್‌ನಲ್ಲಿ 1 ಮಿಲಿಮೀಟರ್ ಬಿರುಕು ಉಳಿದರೆ ನಿಜವಾದ ವಿಮಾನದಲ್ಲಿ ಅದು 14 ಸೆಂಟಿಮೀಟರ್. ಅಂಥ ವಿಮಾನವನ್ನು ಯಾರು ಹತ್ತುತ್ತಾರೆ?

ಎ320 ಕಿಟ್‌ಗಳನ್ನು ಜರ್ಮನಿಯ ರೆವೆಲ್, ರಷ್ಯಾದ ಜ್ವೆಜ್ದಾ ಎರಡೂ ಮಾಡಿವೆ. ನನ್ನ ಓಟು ಜ್ವೆಜ್ದಾಕ್ಕೆ. ಭಾಗಗಳು ಹೆಚ್ಚು ಬಿಗಿಯಾಗಿ ಕೂರುತ್ತವೆ, ಮೈಮೇಲಿನ ಗೆರೆಗಳೂ ನಾಜೂಕು. ಎ320 ಅನ್ನೇ ಆರಿಸಲು ಇನ್ನೊಂದು ಕಾರಣ, ನಮ್ಮವರಿಗೆ ಇದು ಕಂಡು ಗೊತ್ತಿರುವ ವಿಮಾನ. ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ಇದನ್ನು ತಂದಿತು. ಬೆಂಗಳೂರಿನವೇ ಆದ ಏರ್ ಡೆಕ್ಕನ್, ಕಿಂಗ್‌ಫಿಶರ್ ಎರಡೂ ಇದನ್ನು ಹಾರಿಸಿದವು. 2006ರಲ್ಲಿ ಇಂಡಿಗೋ ಶುರುವಾದದ್ದೂ ಇದರಿಂದಲೇ. ಎ320ರ ಮುಂದಿನ ಬಾಗಿಲುಗಳನ್ನು ಬೆಂಗಳೂರಿನ ಎಚ್‌ಎಎಲ್ ವರ್ಷಗಟ್ಟಲೆ ಮಾಡಿಕೊಟ್ಟಿದೆ. ಮಾಡೆಲ್‌ನಲ್ಲಿ ಆ ಬಾಗಿಲು ಸುಮಾರು 13 ಮಿಲಿಮೀಟರ್ ಎತ್ತರದ ಒಂದು ಗೆರೆ, ಅಷ್ಟೆ.

ದುಡ್ಡು ಕೊಡುವ ಮುಂಚೆ ಇಂಜಿನ್ ನೋಡಿಕೊಳ್ಳಿ. ಎ320 ಅಂದರೆ ಎಲ್ಲವೂ ಒಂದೇ ಅಲ್ಲ. ಹಳೆಯ ಮಾದರಿಗೆ ಎರಡು ಥರದ ಇಂಜಿನ್ ಬರುತ್ತಿತ್ತು. ಸಿಎಫ್‌ಎಂ56ರ ಹೊರಕವಚ ಗಿಡ್ಡ, ಹಿಂದೆ ಒಳಗಿನ ಕೊಳವೆ ಹೊರಗೆ ಚಾಚಿಕೊಂಡಿರುತ್ತದೆ. ವಿ2500ರ ಕವಚ ಕೊನೆಯವರೆಗೂ ಉದ್ದಕ್ಕೆ ಹೋಗಿ ಒಂದೇ ಬಾಯಲ್ಲಿ ಮುಗಿಯುತ್ತದೆ. ಇಂಡಿಗೋದ ಹಳೆಯ ಎ320ಗಳಲ್ಲಿ ಇದ್ದದ್ದು ವಿ2500. ಇಂಡಿಯನ್ ಏರ್‌ಲೈನ್ಸ್‌ದೂ ಅದೇ. ಆಮೇಲೆ ಬಂದ ನಿಯೋ ಮಾದರಿಯ ಇಂಜಿನ್‌ಗಳೇ ಬೇರೆ, ಇನ್ನೂ ದಪ್ಪ. ಡಬ್ಬಿಯೊಳಗೆ ಯಾವುದಿದೆ ಎಂದು ತಿಳಿಯದೆ ಬೇರೆ ಕಡೆಯಿಂದ ಡೆಕಾಲ್ (ನೀರಿನಲ್ಲಿ ಅದ್ದಿ ಅಂಟಿಸುವ ಚಿತ್ರ, ಅಕ್ಷರಗಳ ಹಾಳೆ) ತರಿಸಿಕೊಂಡರೆ ವಿಮಾನಕ್ಕೂ ಬಣ್ಣಕ್ಕೂ ತಾಳ ತಪ್ಪುತ್ತದೆ.

ಇಂಡಿಯನ್ ಏರ್‌ಲೈನ್ಸ್ ಮಾಡುವ ಆಸೆ ಇದ್ದರೆ ಒಂದು ತೊಡಕಿದೆ. ಬೇರೆ ಎಲ್ಲರ ಎ320ಗೆ ರೆಕ್ಕೆ ಕೆಳಗಿನ ಒಂದೊಂದು ಕಾಲಿಗೆ ಎರಡು ಚಕ್ರ. ಇಂಡಿಯನ್ ಏರ್‌ಲೈನ್ಸ್ ತರಿಸಿಕೊಂಡ ವಿಮಾನಗಳಿಗೆ ನಾಲ್ಕು ಚಕ್ರ. ನಮ್ಮ ಕೆಲವು ರನ್‌ವೇಗಳು ಅಷ್ಟು ಗಟ್ಟಿ ಇರಲಿಲ್ಲ, ಭಾರ ಹಂಚಿಹೋಗಲಿ ಎಂದು ಈ ಏರ್ಪಾಡು. ಮಾಮೂಲಿ ಕಿಟ್‌ನಲ್ಲಿ ಅದು ಸಿಗುವುದಿಲ್ಲ, ಕೈಯಾರೆ ಮಾಡಬೇಕು. ಎರಡನೇ ಮಾಡೆಲ್‌ಗೆ ಇಟ್ಟುಕೊಳ್ಳಿ. ಸದ್ಯಕ್ಕೆ ಇಂಡಿಗೋ ಉದಾಹರಣೆ ಹಿಡಿಯೋಣ: ಬಿಳಿ ಮೈ, ಕಡುನೀಲಿ ಹೊಟ್ಟೆ, ಕಡುನೀಲಿ ಬಾಲ, ಬಾಲದ ಮೇಲೆ ಚುಕ್ಕಿಗಳಲ್ಲಿ ಬಿಡಿಸಿದ ವಿಮಾನ.

ಒಂದೇ ವಿಮಾನದ ಫೋಟೊ ಹಿಡಿದುಕೊಳ್ಳಿ

"ಇಂಡಿಗೋ ಎ320" ಅಂತ ಹುಡುಕಿ ಸಿಕ್ಕಿದ ಫೋಟೊಗಳನ್ನೆಲ್ಲ ಇಟ್ಟುಕೊಂಡರೆ ಗೊಂದಲ ಗ್ಯಾರಂಟಿ. ಒಂದಕ್ಕೆ ಶಾರ್ಕ್‌ಲೆಟ್, ಅಂದರೆ ಮೇಲಕ್ಕೆ ಬಾಗಿದ ರೆಕ್ಕೆ ತುದಿ ಇರುತ್ತದೆ, ಇನ್ನೊಂದಕ್ಕೆ ರೆಕ್ಕೆ ತುದಿಯಲ್ಲಿ ಬಾಣದ ತಲೆಯಂಥ ಚಿಕ್ಕ ಫಲಕ. ಆಂಟೆನಾಗಳ ಜಾಗವೂ ಬೇರೆ. ಅದಕ್ಕೆ ನೋಂದಣಿ ಸಂಖ್ಯೆ ಹಿಡಿದು ಹುಡುಕಿ. ನಮ್ಮ ದೇಶದ ಎಲ್ಲ ನಾಗರಿಕ ವಿಮಾನಗಳ ಸಂಖ್ಯೆ "ವಿಟಿ"ಯಿಂದ ಶುರುವಾಗುತ್ತದೆ. ಹಿಂಬದಿ ಮೈಮೇಲೆ ಬರೆದಿರುತ್ತಾರೆ. ಒಂದು ಸಂಖ್ಯೆ ಆರಿಸಿ, ಅದೇ ವಿಮಾನದ ಎಡ, ಬಲ, ಕೆಳಗಿನ ಫೋಟೊ ಸೇರಿಸಿಕೊಳ್ಳಿ. ಹೊಟ್ಟೆಯ ನೀಲಿ ಮೂಗಿನ ಹತ್ತಿರ ಎಲ್ಲಿ ಶುರುವಾಗಿ, ಬಾಲದ ಹತ್ತಿರ ಹೇಗೆ ಮೇಲೇರುತ್ತದೆ ಎನ್ನುವುದು ಕೆಳಗಿನಿಂದ ತೆಗೆದ ಫೋಟೊದಲ್ಲೇ ತಿಳಿಯುವುದು.

ಸಾಮಾನು

ಸೈಡ್ ಕಟರ್, ಚೂಪಾದ ಹಾಬಿ ನೈಫ್, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಜ್ಜುಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಮಾಸ್ಕಿಂಗ್ ಟೇಪ್, ಪುಟ್ಟಿ, ಚಿಮುಟ, ಇಯರ್ ಬಡ್. ವಾಟರ್ ಪೇಪರ್ ಕಾರಿಗೆ ಪೇಂಟ್ ಮಾಡುವವರು ಕೊಳ್ಳುವ ಅಂಗಡಿಯಲ್ಲೇ ಸಿಗುತ್ತದೆ, ಹಾಬಿ ಅಂಗಡಿಗಿಂತ ಅಗ್ಗ. ಅಂಟು ಮಾತ್ರ ಮಾಡೆಲ್‌ಗೆಂದೇ ಇರುವುದು ಬೇಕು. ಟಮಿಯಾ ಎಕ್ಸ್‌ಟ್ರಾ ಥಿನ್‌ನಂಥ ನೀರಾದ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಫೆವಿಕ್ವಿಕ್ ಅಂಟಿಸುತ್ತದೆ, ಬೆಸೆಯುವುದಿಲ್ಲ. ಮಾಸ್ಕಿಂಗ್ ಟೇಪ್‌ನಲ್ಲೂ ಕಂಜೂಸಿ ಬೇಡ. ಹಾರ್ಡ್‌ವೇರ್ ಅಂಗಡಿಯ ಟೇಪ್‌ನ ಅಂಚಿನಡಿ ಬಣ್ಣ ನುಗ್ಗುತ್ತದೆ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದರೆ ಒಳ್ಳೆಯದು, 0.3 ಮಿಲಿಮೀಟರ್ ನಾಜಲ್ ಸಾಕು. ಇಲ್ಲದಿದ್ದರೂ ಚಿಂತೆ ಇಲ್ಲ. ಬಿಳಿಗೆ ಸ್ಪ್ರೇ ಕ್ಯಾನ್ ಬಳಸಿಯೇ ಚೆಂದದ ವಿಮಾನ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬ್ರಷ್‌ನಲ್ಲಿ ಬಿಳಿ ಬಳಿಯುವ ಯೋಚನೆ ಮಾತ್ರ ಬಿಟ್ಟುಬಿಡಿ.

ತೊಳೆದು, ಕತ್ತರಿಸಿ, ಮೂಗಿಗೆ ಭಾರ ಹಾಕಿ

ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಎಣ್ಣೆಪಸೆ ಇರುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಫ್ರೇಮ್ ಸಮೇತ ತೊಳೆದು ಒಣಗಿಸಿ. ಭಾಗಗಳನ್ನು ಕೈಯಲ್ಲಿ ಮುರಿಯಬೇಡಿ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಆಮೇಲೆ ಚಾಕುವಿನಿಂದ ಸವರಿ.

ಮೈಯ ಎರಡು ಹೋಳು ಮುಚ್ಚುವ ಮುಂಚೆ ಮೂಗಿನಲ್ಲಿ ಭಾರ ಇಡಬೇಕು. ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಎಷ್ಟು ಗ್ರಾಂ ಎಂದು ಸೂಚನೆ ಹಾಳೆಯಲ್ಲಿ ಇದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಚಿಕ್ಕ ಜಾಗದಲ್ಲಿ ಕೂರುತ್ತದೆ. ಕಬ್ಬಿಣದ ನಟ್ ಆದರೂ ಸರಿ. ಸೀಸ ಬಳಸಿದರೆ ಎರಡು ಮಾತು ನೆನಪಿಡಿ. ಕೈ ತೊಳೆಯಿರಿ. ಮತ್ತೆ, ಫೆವಿಕಾಲ್‌ನಂಥ ಬಿಳಿ ಅಂಟಿನಿಂದ ಸೀಸವನ್ನು ಕೂರಿಸಬೇಡಿ. ಅವೆರಡರ ನಡುವೆ ನಿಧಾನಕ್ಕೆ ರಾಸಾಯನಿಕ ಕ್ರಿಯೆ ನಡೆದು ಸೀಸ ಉಬ್ಬುತ್ತದೆ. ವರ್ಷಗಳು ಕಳೆದ ಮೇಲೆ, ಶೋಕೇಸಿನಲ್ಲಿ ಸುಮ್ನೆ ಕೂತಿದ್ದ ಮಾಡೆಲ್ಲಿನ ಮೂಗು ತಾನಾಗಿ ಸೀಳುತ್ತದೆ. ಅರಾಲ್ಡೈಟ್ ಹಾಕಿದರೆ ಈ ಕಾಟ ಇಲ್ಲ.

ಪ್ರಯಾಣಿಕರ ಕಿಟಕಿಗಳ ಬಗ್ಗೆ ಈಗಲೇ ತೀರ್ಮಾನ ಮಾಡಿ. ತೂತುಗಳಿಗೆ ಒಳಗಿನಿಂದ ಪಾರದರ್ಶಕ ಪಟ್ಟಿ ಅಂಟಿಸುವುದು ಒಂದು ದಾರಿ. ತೂತುಗಳನ್ನೆಲ್ಲ ತುಂಬಿ ನುಣುಪು ಮಾಡಿ, ಕೊನೆಗೆ ಕಿಟಕಿಯ ಡೆಕಾಲ್ ಅಂಟಿಸುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ಈ ಅಳತೆಯಲ್ಲಿ ಕಿಟಕಿ ಎಂದರೆ ಎರಡು ಮೂರು ಮಿಲಿಮೀಟರ್ ಎತ್ತರದ ಬೂದು ಚುಕ್ಕೆ. ಆಳ ಇದ್ದರೆ ಗುಂಡಿ ತೋಡಿದ ಹಾಗೆ ಕಾಣುತ್ತದೆ. ತುಂಬಲು ಫೆವಿಕ್ವಿಕ್ ಹಾಕಿದರೆ ಅದೇ ದಿನ ಉಜ್ಜಿಬಿಡಿ. ಮರುದಿನಕ್ಕೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. ಆಮೇಲೆ ಉಜ್ಜಿದಷ್ಟೂ ಸುತ್ತಲಿನ ಪ್ಲಾಸ್ಟಿಕ್ಕೇ ಸವೆಯುತ್ತದೆ.

ಕೀಲು

ಮೈಯ ಎರಡು ಹೋಳನ್ನು ಅಂಟಿಲ್ಲದೆ ಜೋಡಿಸಿ, ಮೂರು ನಾಲ್ಕು ಕಡೆ ಟೇಪ್ ಸುತ್ತಿ. ಬೆರಳು ಸವರಿ ನೋಡಿ. ಒಂದು ಬದಿ ಕೂದಲೆಳೆಯಷ್ಟು ಮೇಲಿದ್ದರೂ ಬೆರಳಿಗೆ ತಿಳಿಯುತ್ತದೆ. ಎಲ್ಲಾದರೂ ಒಳಗಿನ ಗೂಟ ಅಡ್ಡ ಬರುತ್ತಿದ್ದರೆ ಅದನ್ನು ಕತ್ತರಿಸಿ ಬಿಸಾಡಿ. ಗೂಟ ಇರುವುದು ಸಹಾಯಕ್ಕೆ, ಅದೇ ತೊಂದರೆ ಕೊಟ್ಟರೆ ಇಟ್ಟುಕೊಂಡು ಏನು ಮಾಡುತ್ತೀರಿ?

ಸರಿ ಕೂತಿದೆ ಅನ್ನಿಸಿದಾಗ ಅಂಟಿನ ಬ್ರಷ್ಷನ್ನು ಕೀಲಿಗೆ ಮುಟ್ಟಿಸಿ. ಅಂಟು ತಾನೇ ಸಂದಿಯೊಳಗೆ ಓಡುತ್ತದೆ. ಟೇಪ್ ಇರುವ ಕಡೆ ಹಚ್ಚಬೇಡಿ, ಟೇಪಿನಡಿ ಅಂಟು ಹರಡಿ ಮೈಮೇಲೆ ಕಲೆ ಬೀಳುತ್ತದೆ. ಅರ್ಧ ನಿಮಿಷ ಬಿಟ್ಟು ಎರಡೂ ಹೋಳನ್ನು ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ಸಣ್ಣ ಏಣಿನ ಹಾಗೆ ಮೇಲೆದ್ದು ಬರುತ್ತದೆ. ಬರಬೇಕಾದ್ದೂ ಅದೇ. ಸಂದಿ ತುಂಬಿದೆ ಅನ್ನುವುದಕ್ಕೆ ಸಾಕ್ಷಿ ಅದು. ಒರೆಸಲು ಹೋಗಬೇಡಿ.

ಈಗ ಎರಡು ಮೂರು ದಿನ ಕೈ ಹಚ್ಚಬಾರದು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗೇ ಇರುತ್ತದೆ. ಅವಸರಪಟ್ಟು ಉಜ್ಜಿದರೆ ಅವತ್ತು ಚೆನ್ನಾಗಿಯೇ ಕಾಣುತ್ತದೆ. ವಾರ ಕಳೆದು ಪೂರ್ತಿ ಒಣಗಿದಾಗ ಕೀಲು ಕುಗ್ಗಿ ಸಣ್ಣ ಹಳ್ಳ ಬೀಳುತ್ತದೆ. ಅಷ್ಟರಲ್ಲಿ ಬಿಳಿ ಹೊಡೆದಾಗಿರುತ್ತದೆ.

ಗಟ್ಟಿಯಾದ ಮೇಲೆ 400ರ ಪೇಪರ್ ನೀರಿನಲ್ಲಿ ಅದ್ದಿ ಏಣನ್ನು ಸವೆಸಿ. ನಂತರ 800, 1000. ಪೇಪರನ್ನು ಗಟ್ಟಿ ಹಲಗೆಗೆ ಸುತ್ತಬೇಡಿ. ಮೈ ಗುಂಡಗಿದೆ, ಚಪ್ಪಟೆಯಾಗಿಬಿಡುತ್ತದೆ. ತೆಳು ಸ್ಪಂಜಿಗೆ ಸುತ್ತಿ, ಕೀಲಿನ ಉದ್ದಕ್ಕಲ್ಲ, ಅದಕ್ಕೆ ಅಡ್ಡಡ್ಡ ಉಜ್ಜಿ. ಹಳ್ಳ ಉಳಿದ ಕಡೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ. ಪುಟ್ಟಿ ಒರೆಸಲು ಉಗುರುಬಣ್ಣ ತೆಗೆಯುವ ದ್ರವ ಬಳಸುವವರು ಸೀಸೆಯ ಮೇಲೆ ಅಸಿಟೋನ್ ಇದೆಯಾ ನೋಡಿಕೊಳ್ಳಿ. ಅಸಿಟೋನ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ರೆಕ್ಕೆ

ಮುಂದಿನಿಂದ ನೋಡಿದರೆ ರೆಕ್ಕೆಗಳು ತುದಿಯ ಕಡೆಗೆ ಸ್ವಲ್ಪ ಮೇಲೇರಿರುತ್ತವೆ. ಎರಡೂ ಕಡೆ ಅದು ಒಂದೇ ಸಮ ಇರಬೇಕು. ಅಂಟು ಒಣಗುವ ತನಕ ಎರಡೂ ತುದಿಯಡಿ ಒಂದೇ ಎತ್ತರಕ್ಕೆ ಪುಸ್ತಕ ಜೋಡಿಸಿಡಿ. ಹಿಂದಿನ ಚಿಕ್ಕ ರೆಕ್ಕೆಗಳನ್ನು ದೊಡ್ಡವಕ್ಕೆ ಹೋಲಿಸಿಯೇ ಅಂಟಿಸಿ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಬಿರುಕು ಉಳಿಯುವುದು ಮಾಮೂಲಿ. ಅಲ್ಲಿ ಪೇಪರ್ ಹಾಕಿ ಉಜ್ಜಲು ಆಗುವುದಿಲ್ಲ. ನೀರಿನಲ್ಲಿ ಕರಗುವ ಪುಟ್ಟಿ ತುಂಬಿ, ಒದ್ದೆ ಇಯರ್ ಬಡ್‌ನಿಂದ ಒರೆಸಿಬಿಡಿ. ಸಂದಿಯಲ್ಲಿ ಪುಟ್ಟಿ ಉಳಿದು, ಹೊರಗಿನದು ಹೋಗುತ್ತದೆ. ಇಂಜಿನ್, ಚಕ್ರಗಳನ್ನು ಈಗ ಅಂಟಿಸಬೇಡಿ. ಬೇರೆ ಬಣ್ಣ ಹಚ್ಚಿ ಕೊನೆಗೆ ಜೋಡಿಸಿ.

ಪ್ರೈಮರ್ ಸುಳ್ಳು ಹೇಳುವುದಿಲ್ಲ

ಬಿಳಿ ಪ್ಲಾಸ್ಟಿಕ್ ಮೇಲೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊದಲ ಪದರ ಬೂದು ಪ್ರೈಮರ್ ಹೊಡೆಯಿರಿ. ಕಿಟಕಿ ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಕೀಲು, ಗೀರು, ಪುಟ್ಟಿಯ ಅಂಚು ಎಲ್ಲ ಬಯಲಿಗೆ ಬರುತ್ತವೆ. ತಿದ್ದಿ, ಮತ್ತೆ ಪ್ರೈಮರ್, ಮತ್ತೆ ನೋಡಿ. ಬೇಜಾರು ಬರುತ್ತದೆ, ನಿಜ. ಇಲ್ಲಿ ಬಿಟ್ಟ ತಪ್ಪನ್ನು ಬಿಳಿ ಬಣ್ಣ ಮುಚ್ಚುವುದಿಲ್ಲ. ಹೊಳಪಿನ ಪದರ ಬಿದ್ದಾಗ ಇನ್ನೂ ಜಾಸ್ತಿ ಕಾಣುತ್ತದೆ. ಬೂದು ತೃಪ್ತಿಯಾದ ಮೇಲೆ ಬಿಳಿ ಪ್ರೈಮರಿನ ಒಂದು ಪದರ ಹಾಕಿಕೊಂಡರೆ ಮುಂದಿನ ಕೆಲಸ ಹಗುರ.

ಬಿಳಿ

ಬಿಳಿ ಬಣ್ಣಕ್ಕೆ ಅಡಿ ಮುಚ್ಚುವ ಶಕ್ತಿ ಕಡಿಮೆ. ಮೊದಲ ಪದರ ಹೊಡೆದಾಗ ಪ್ರೈಮರ್ ಇಣುಕುತ್ತಲೇ ಇರುತ್ತದೆ. ಇನ್ನೊಂಚೂರು ಹೊಡೆಯೋಣ ಅನ್ನಿಸುತ್ತದೆ. ಅಲ್ಲೇ ಎಡವಟ್ಟಾಗುವುದು. ದಪ್ಪಗೆ ಬಿದ್ದ ಬಿಳಿ ರೆಕ್ಕೆಯ ಬುಡದಲ್ಲಿ ಸೋರಿ ನಿಲ್ಲುತ್ತದೆ, ಮೈಮೇಲಿನ ಸಣ್ಣ ಗೆರೆಗಳನ್ನೆಲ್ಲ ನುಂಗಿಹಾಕುತ್ತದೆ.

ಸ್ಪ್ರೇ ಕ್ಯಾನ್ ಆದರೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಬಿಸಿನೀರು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಚೆನ್ನಾಗಿ ಕುಲುಕಿ. ಮಾಡೆಲ್‌ನಿಂದ 20–25 ಸೆಂಟಿಮೀಟರ್ ದೂರ ಹಿಡಿದು, ಮೂಗಿನ ಹೊರಗೆ ಒತ್ತಲು ಶುರು ಮಾಡಿ, ಬಾಲ ದಾಟಿದ ಮೇಲೆ ಬಿಡಿ. ಮೈಮೇಲೆ ಇರುವಾಗ ಕೈ ನಿಲ್ಲಬಾರದು. ಮೊದಲ ಎರಡು ಪದರ ಮಂಜು ಬಿದ್ದ ಹಾಗೆ ತೆಳ್ಳಗಿರಲಿ, ಒಂದೊಂದಕ್ಕೂ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ. ಆಮೇಲೆ ಒಂದೋ ಎರಡೋ ಸ್ವಲ್ಪ ಒದ್ದೆಯಾದ ಪದರ. ಹೊಳಪು ಬರುವುದು ಕೊನೆಯ ಈ ಪದರದಿಂದ.

ಏರ್‌ಬ್ರಷ್‌ನವರು ಬಣ್ಣವನ್ನು ಥಿನ್ನರ್ ಹಾಕಿ ಹಾಲಿನ ಹದಕ್ಕೆ ತನ್ನಿ. ಒತ್ತಡ 15–20 ಪಿಎಸ್‌ಐ. ಹತ್ತಿರದಿಂದ, ತೆಳ್ಳಗೆ, ಪದರ ಪದರವಾಗಿ.

ಹವೆಯ ಕಡೆ ಗಮನ ಇರಲಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ ಹೊಳೆಯಬೇಕಾದ ಬಣ್ಣ ಮಬ್ಬುಮಬ್ಬಾಗುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದರಿಂದ ಹೀಗೆ. ಬಿಸಿಲು ಬಿದ್ದ ದಿನಕ್ಕೆ ಕಾಯಿರಿ, ಕೀಲು ಉಜ್ಜುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಬಯಲುಸೀಮೆಯವರಿಗೆ ಧೂಳಿನ ಕಾಟ. ಹೊಡೆಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ. ಹೊಡೆದು ಮುಗಿದ ತಕ್ಷಣ ಮಾಡೆಲ್ ಮೇಲೆ ಒಂದು ಡಬ್ಬ ಬೋರಲು ಹಾಕಿ. ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಅದರೊಳಗೆ ಹೊಡೆದರೆ ಬಾಲ್ಕನಿ ಗೋಡೆ ಉಳಿಯುತ್ತದೆ. ಈ ಹೊಗೆ ಬೇಗ ಬೆಂಕಿ ಹಿಡಿಯುತ್ತದೆ. ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಏನೂ ಉರಿಯುತ್ತಿರಬಾರದು. ಮೂಗಿಗೆ ಬಟ್ಟೆ ಮಾಸ್ಕ್ ಸಾಲದು, ಇದ್ದಿಲ ಫಿಲ್ಟರ್ ಇರುವುದೇ ಬೇಕು.

ಬಣ್ಣದ ಮೇಲೆ ಕಸವೋ ಕೂದಲೋ ಕೂತರೆ ಒದ್ದೆ ಇರುವಾಗ ಮುಟ್ಟಬೇಡಿ. ಪೂರ್ತಿ ಒಣಗಲಿ. 2000ರ ಪೇಪರ್ ನೀರಲ್ಲಿ ಅದ್ದಿ ಅಷ್ಟು ಜಾಗ ಮಾತ್ರ ಸವರಿ, ಮೇಲೊಂದು ತೆಳು ಪದರ ಕೊಡಿ. ಒಣಗಿದೆಯಾ ಎಂದು ತಿಳಿಯಲು ಮೂಗೇ ಸಾಕು. ಥಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

ನೀಲಿ, ಬೂದು, ಲೋಹ

ಬಿಳಿ ಆದ ಮೇಲೆ ನೀಲಿ. ಬಾಲದ ಡೆಕಾಲ್ ನೀಲಿ ಹಿನ್ನೆಲೆ ಸಮೇತ ಬಂದಿದ್ದರೆ ನಿಮ್ಮ ನೀಲಿ ಅದಕ್ಕೆ ಹೊಂದಬೇಕು. ಡೆಕಾಲ್ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡೇ ಬಣ್ಣ ಬೆರೆಸಿ, ಬಿಳಿ ಪ್ಲಾಸ್ಟಿಕ್ ಚೂರಿನ ಮೇಲೆ ಹೊಡೆದು, ಒಣಗಿದ ಮೇಲೆ ಹೋಲಿಸಿ. ಒದ್ದೆ ಬಣ್ಣಕ್ಕೂ ಒಣಗಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಹೊಟ್ಟೆಯ ಗೆರೆ ಬಾಗಿರುವ ಕಡೆ ಅಗಲ ಟೇಪ್ ಸುಕ್ಕಾಗುತ್ತದೆ. ಎರಡು ಮೂರು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಂಡರೆ ಹೇಗೆ ಬೇಕೋ ಹಾಗೆ ಬಾಗುತ್ತದೆ. ಮೊದಲು ಅದರಿಂದ ಅಂಚು ಕೂರಿಸಿ, ಉಳಿದ ಮೈಗೆ ಕಾಗದ ಸುತ್ತಿ. ಎಡಕ್ಕೂ ಬಲಕ್ಕೂ ಗೆರೆ ಒಂದೇ ಎತ್ತರದಲ್ಲಿದೆಯಾ ಎಂದು ಮೂಗಿನ ನೇರಕ್ಕೆ ಹಿಡಿದು ನೋಡಿ. ಇನ್ನು, ನೀಲಿಗಿಂತ ಮುಂಚೆ ಟೇಪಿನ ಅಂಚಿನ ಮೇಲೆ ಬಿಳಿಯನ್ನೇ ಒಂದು ಸಲ ತೆಳ್ಳಗೆ ಹೊಡೆಯಿರಿ. ಟೇಪಿನಡಿ ನುಗ್ಗುವುದಿದ್ದರೆ ಬಿಳಿ ನುಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ನೀಲಿಗೆ ದಾರಿ ಇರುವುದಿಲ್ಲ. ನೀಲಿ ಕೈಗೆ ಅಂಟದಷ್ಟು ಒಣಗಿದ ಕೂಡಲೇ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ನಿಧಾನಕ್ಕೆ ಎಳೆಯಿರಿ.

ರೆಕ್ಕೆ ತಿಳಿ ಬೂದು. ಏರ್‌ಬಸ್ ರೆಕ್ಕೆ ಹೆಚ್ಚುಕಡಿಮೆ ಒಂದೇ ಬೂದು. ಬೋಯಿಂಗ್ ರೆಕ್ಕೆಗಳ ನಡುವೆ ಕಾಣುವ ಗಾಢ ಬೂದು ಪಟ್ಟೆಯನ್ನು ಇಲ್ಲಿಗೆ ತರಬೇಡಿ. ಇಂಜಿನ್ ಬಾಯಿಯ ಬಳೆ ಹೊಳೆಯುವ ಅಲ್ಯೂಮಿನಿಯಂ. ಅದಕ್ಕೆ ಮೊದಲು ಹೊಳಪಿನ ಕಪ್ಪು ಹೊಡೆದು ಮೇಲೆ ಲೋಹದ ಬಣ್ಣ ಕೊಟ್ಟರೆ ನಿಜವಾದ ಲೋಹದ ಕಳೆ ಬರುತ್ತದೆ. ಟೈರಿಗೆ ಅಚ್ಚ ಕಪ್ಪು ಬೇಡ, ಕಡು ಬೂದು ಹಚ್ಚಿ. ಮೈಯ ಗೆರೆಗಳಿಗೆ ಕಪ್ಪು ತುಂಬುವ ಚಟ ಯುದ್ಧವಿಮಾನದಿಂದ ಬಂದದ್ದು. ಇಲ್ಲಿ ರೆಕ್ಕೆಯ ಚಲಿಸುವ ಭಾಗಗಳ ಸುತ್ತ ಮಾತ್ರ ತೆಳು ಬೂದು ಸಾಕು.

ಡೆಕಾಲ್

ಡೆಕಾಲ್ ಹೊಳಪಿನ ಮೇಲ್ಮೈ ಮೇಲೆಯೇ ಕೂರಬೇಕು. ಮೇಲ್ಮೈ ಮಂಕಾಗಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ. ಕಡುನೀಲಿ ಬಾಲದ ಮೇಲೆ ಇದು ಕಣ್ಣಿಗೆ ರಾಚುತ್ತದೆ. ಅದಕ್ಕೆ ಮೊದಲು ಹೊಳಪಿನ ವಾರ್ನಿಷ್ ಒಂದು ಪದರ ಹೊಡೆದು ಒಣಗಿಸಿ.

ಬೇಡದ ಚಿಕ್ಕ ಡೆಕಾಲ್ ಒಂದನ್ನು ಮೊದಲು ಪರೀಕ್ಷೆ ಮಾಡಿ. ಹಳೆಯ ಹಾಳೆಯಾದರೆ ನೀರಿನಲ್ಲಿ ಚೂರುಚೂರಾಗಬಹುದು. ಆಮೇಲೆ ಬೇಕಾದ್ದನ್ನು ಅಂಚಿಗೆ ಹತ್ತಿರ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಹೊರಗಿಡಿ. ಕಾಗದದ ಮೇಲೆ ತಾನಾಗಿ ಜಾರುವ ತನಕ ಬಲವಂತ ಮಾಡಬೇಡಿ. ಮೈಮೇಲೆ ಸ್ವಲ್ಪ ಮೈಕ್ರೋ ಸೆಟ್ (ಡೆಕಾಲ್ ಹಿಡಿಸುವ ದ್ರವ) ಹಚ್ಚಿ, ಡೆಕಾಲ್ ಜಾರಿಸಿ, ಬ್ರಷ್ಷಿನಿಂದ ಜಾಗಕ್ಕೆ ತಂದು, ನಡುವಿನಿಂದ ಅಂಚಿಗೆ ನೀರು ಹೊರಡಿಸಿ. ಮೇಲೆ ಮೈಕ್ರೋ ಸೋಲ್, ಅಂದರೆ ಡೆಕಾಲನ್ನು ಮೆತ್ತಗೆ ಮಾಡುವ ದ್ರವ. ಅದು ಬಿದ್ದೊಡನೆ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ. ಸುಮ್ನೆ ಬಿಟ್ಟರೆ ಒಣಗುತ್ತಾ ತಾನೇ ಚಪ್ಪಟೆಯಾಗಿ ಗೆರೆಗಳೊಳಗೆ ಇಳಿಯುತ್ತದೆ.

ಕಿಟಕಿ ಸಾಲಿನಿಂದ ಶುರು ಮಾಡಿ. ಉದ್ದನೆಯ ಸಾಲು ಒಂದೇ ತುಂಡಾಗಿದ್ದರೆ ಎರಡು ಮೂರಾಗಿ ಕತ್ತರಿಸಿ, ಬಾಗಿಲುಗಳ ಹತ್ತಿರ ಕತ್ತರಿಸಿದರೆ ಗೊತ್ತಾಗುವುದಿಲ್ಲ. ಸಾಲು ನೇರ ಇರಲೆಂದು ಅದರ ಕೆಳಗೆ ಟೇಪಿನ ಪಟ್ಟಿ ಹಾಕಿಕೊಳ್ಳಿ. ಬಾಗಿಲು, ಕಂಪನಿ ಹೆಸರು, ನೋಂದಣಿ ಸಂಖ್ಯೆ ಎಲ್ಲವೂ ಈ ಸಾಲನ್ನೇ ನೋಡಿಕೊಂಡು ಕೂರುವುದರಿಂದ ಇದು ಸೊಟ್ಟಗಾದರೆ ಎಲ್ಲವೂ ಸೊಟ್ಟ. ಒಂದು ಬದಿ ಪೂರ್ತಿ ಒಣಗಿದ ಮೇಲೇ ಇನ್ನೊಂದು ಬದಿ. ಬೆಳ್ಳಿ ಮಿನುಗು ಉಳಿದ ಕಡೆ ಸೂಜಿಯಿಂದ ಚುಚ್ಚಿ ಮತ್ತೆ ಒಂದು ಹನಿ ಮೈಕ್ರೋ ಸೋಲ್ ಬಿಡಿ.

ಕೊನೆಯ ಜೋಡಣೆ

ಇಡೀ ಮಾಡೆಲ್‌ಗೆ ಹೊಳಪಿನ ವಾರ್ನಿಷ್‌ನ ತೆಳು ಪದರ ಹೊಡೆದು, ಇಂಜಿನ್, ಚಕ್ರ, ಆಂಟೆನಾ ಈ ಕ್ರಮದಲ್ಲಿ ಅಂಟಿಸಿ. ಕಾಕ್‌ಪಿಟ್ ಗಾಜಿಗೆ ಫೆವಿಕ್ವಿಕ್ ತಾಗಿಸಬೇಡಿ, ಅದರ ಆವಿಗೆ ಗಾಜು ಬೆಳ್ಳಗೆ ಮಬ್ಬಾಗುತ್ತದೆ. ಅಲ್ಲಿಗೆ ಫೆವಿಕಾಲ್ ಸರಿ. ಚಕ್ರಗಳು ಒಣಗುವ ಮುಂಚೆ ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ, ಎಲ್ಲವೂ ನೆಲ ಮುಟ್ಟುತ್ತಿವೆಯಾ, ರೆಕ್ಕೆ ಒಂದು ಕಡೆ ವಾಲಿದೆಯಾ ನೋಡಿ ತಿದ್ದಿ.

ಶಾರ್ಕ್‌ಲೆಟ್ ಇರುವ ಎ320ರ ರೆಕ್ಕೆಯಗಲ 35.8 ಮೀಟರ್, ಮಾಡೆಲ್‌ನಲ್ಲಿ 25 ಸೆಂಟಿಮೀಟರ್. ಎತ್ತರ 8 ಸೆಂಟಿಮೀಟರ್ ಮೇಲೆ ಸ್ವಲ್ಪ. 30 ಸೆಂಟಿಮೀಟರ್ ಚೌಕದ, 12 ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿದರೆ ಸರಿಹೋಗುತ್ತದೆ. ನೇಮ್ ಬೋರ್ಡ್ ಮಾಡುವ ಅಂಗಡಿಯವರು ಅಳತೆ ಕೊಟ್ಟರೆ ಕತ್ತರಿಸಿ ಅಂಟಿಸಿಕೊಡುತ್ತಾರೆ. ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಇಡಬೇಡಿ, ಬಣ್ಣ ಮಾಸುತ್ತದೆ.